ಕೂಡಿದ ರಕ್ತ

ನಮ್ಮ ಮನೆಯಲ್ಲಿ ಮದುವೆಗೆ ಜಾತಕ ನೋಡುವ ಪದ್ಧತಿ ಇಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ತರುವುದಕ್ಕೆ ಜಾತಕ ಯಾಕೆ, ಮಗು ಹುಟ್ಟಿದಾಗ ಮೊದಲು ಮಡಿಲಿಗೆ ಹಾಕಿಕೊಂಡ ಅಜ್ಜಿಯೇ ನಾಳೆ ಅತ್ತೆ ಅಲ್ಲವೇ, ಎಂದು ನಮ್ಮಮ್ಮ ಅಂಜಮ್ಮ ಕೇಳುತ್ತಿದ್ದಳು. ಬಾಗಲೂರಿನ ಸುತ್ತಮುತ್ತ ಯಾವ ಮನೆಯ ಜಗಲಿಯಲ್ಲಿ ಕೇಳಿದರೂ ಇದೇ ಮಾತು. ಹೊರಗಿನಿಂದ ಬಂದ ಸೊಸೆ ಮನೆಯ ಗುಟ್ಟನ್ನು ಬೀದಿಗೆ ಹಾಕುತ್ತಾಳೆ, ಒಳಗಿನ ಹೆಣ್ಣು ಇಕ್ಕಿದ್ದನ್ನು ಉಂಡು ಸುಮ್ಮನಿರುತ್ತಾಳೆ. ಈ ಸುಮ್ಮನಿರುವ ಗುಣ ನನಗೆ ಬರಲಿಲ್ಲ. ಅಮ್ಮನ ತಮ್ಮ ಮುನಿಶಾಮಪ್ಪನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವಳು ಆಗುವುದಿಲ್ಲ ಎಂದೆ. ಮಾವ ಬೇರೆ ಕಡೆ ಹೆಣ್ಣು ತಂದು ಹಾಯಾಗಿದ್ದ. ಅಮ್ಮ ಮಾತ್ರ ಮರೆಯಲಿಲ್ಲ. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, ಮನೆ ಮುರಿಯುವುದಕ್ಕೇ ಬಂದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಹೊಸೂರಿನಲ್ಲಿ ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದವು. ಒಂದು ಔಷಧ ಕಂಪನಿಯವರು ತಮ್ಮ ಗೋಡೌನಿನ ಹಿಂದೆ ಪುಟ್ಟದೊಂದು ಸಂಶೋಧನಾ ವಿಭಾಗ ಕಟ್ಟಿಸಿದ್ದರು. ನಾನು ಅಲ್ಲಿ ಸಹಾಯಕಿ. ಮುಖ್ಯಸ್ಥರು ಡಾಕ್ಟರ್ ರಾಮಕೃಷ್ಣಪ್ಪ. ಮದ್ದು ಕೊಡುವ ಡಾಕ್ಟರಲ್ಲ, ಓದಿ ಪದವಿ ಪಡೆದ ಡಾಕ್ಟರು. ಆದರೂ ವಾಚ್‌ಮನ್ ದಾಸಪ್ಪ ದಿನಾ ಬೆಳಿಗ್ಗೆ ತನ್ನ ಮಂಡಿನೋವನ್ನು ಅವರ ಮುಂದೆ ಇಡುವುದನ್ನು ಬಿಟ್ಟಿರಲಿಲ್ಲ.

ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ನಮ್ಮ ಮೈಯ ಒಂದೊಂದು ಜೀವಕೋಶವೂ ಬಿಡುವಿಲ್ಲದೆ ಪ್ರೋಟೀನು ಕಟ್ಟುತ್ತಿರುತ್ತದೆ. ಕಟ್ಟಿದ್ದೆಲ್ಲ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೆಲವು ಸೊಟ್ಟಗಾಗುತ್ತವೆ. ಸೊಟ್ಟಗಾದದ್ದನ್ನು ಕೋಶವೇ ಗುರುತು ಹಿಡಿದು ಚೂರು ಚೂರು ಮಾಡಿಬಿಡುತ್ತದೆ. ಹಾಗೆ ಮಾಡದಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ಕೋಶವನ್ನೇ ಕೆಡಿಸುತ್ತವೆ. ಈ ಚೂರು ಮಾಡುವ ಕೆಲಸ ಎಷ್ಟು ಬೇಗ ನಡೆಯುತ್ತದೆ, ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ಅಳೆಯುವುದು ನಮ್ಮ ಕೆಲಸ.

ಅಳೆಯುವ ರೀತಿ ಕಷ್ಟದ್ದೇನೂ ಅಲ್ಲ, ತಾಳ್ಮೆ ಬೇಕು ಅಷ್ಟೆ. ರಕ್ತದಿಂದ ಎಳೆಯ ಕೆಂಪು ಕಣಗಳನ್ನು ಬೇರ್ಪಡಿಸಿ, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿಟ್ಟು, ವಿಕಿರಣದ ಗುರುತು ಹಾಕಿದ ಆಹಾರವನ್ನು ಸ್ವಲ್ಪ ಹೊತ್ತು ಉಣಿಸುತ್ತೇವೆ. ಆ ಹೊತ್ತಿನಲ್ಲಿ ಕಟ್ಟಿದ ಪ್ರೋಟೀನಿಗೆಲ್ಲ ಗುರುತು ಬೀಳುತ್ತದೆ. ಆಮೇಲೆ ಅದನ್ನು ತೊಳೆದು ಸಾದಾ ಆಹಾರ ಕೊಟ್ಟು, ಆಗಾಗ ಒಂದೊಂದು ಪಾಲು ತೆಗೆದು ಅದಕ್ಕೆ ಆಮ್ಲ ಬಿಡುತ್ತೇವೆ. ಹಾಲಿಗೆ ನಿಂಬೆಹುಳಿ ಹಿಂಡಿದ ಹಾಗೆ ಒಡೆಯುತ್ತದೆ. ಇಡಿಯಾಗಿ ಉಳಿದ ಪ್ರೋಟೀನು ತಳದಲ್ಲಿ ಕೂರುತ್ತದೆ, ಕೋಶ ಕತ್ತರಿಸಿದ ಚೂರುಗಳು ಮೇಲಿನ ತಿಳಿಯಲ್ಲಿ ನಿಲ್ಲುತ್ತವೆ. ಎರಡನ್ನೂ ಯಂತ್ರದಲ್ಲಿಟ್ಟು ಎಣಿಸಿದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯುತ್ತದೆ. ಅದನ್ನೇ ಗೆರೆಯಾಗಿ ಎಳೆಯುತ್ತಿದ್ದೆವು. ಆರೋಗ್ಯವಂತರ ರಕ್ತದ ಗೆರೆ ಹೆಚ್ಚೂಕಡಿಮೆ ಮಟ್ಟಸವಾಗಿ ಹೋಗುತ್ತದೆ, ಅವರಲ್ಲಿ ಸೊಟ್ಟಗಾಗುವುದೇ ಅಪರೂಪ. ನಾವು ಬೇಕೆಂದೇ ಕೆಡಿಸಿದ ಕಣಗಳ ಗೆರೆ ಮೊದಲಲ್ಲೇ ಧಡಕ್ಕನೆ ಇಳಿಯುತ್ತದೆ.

ಹೋಲಿಕೆಗೆ ಆರೋಗ್ಯವಂತರ ರಕ್ತ ಎಲ್ಲಿಂದ ತರುವುದು? ಅದಕ್ಕೆ ನಮ್ಮಲ್ಲಿ ಒಂದು ವಾಡಿಕೆ ಆಗಿಹೋಗಿತ್ತು. ಕೆಲಸಕ್ಕಿದ್ದವರು ತಮ್ಮ ತಮ್ಮ ಮನೆಯವರನ್ನು ಕರೆತರುವುದು. ನನ್ನ ರಕ್ತ ಆಗಿತ್ತು, ದಾಸಪ್ಪನದು ಆಗಿತ್ತು, ಗುಮಾಸ್ತರ ಹೆಂಡತಿಯದೂ ಆಗಿತ್ತು. ಒಂದು ದಿನ ನನ್ನ ತಮ್ಮ ವೆಂಕಟೇಶ, ಅಕ್ಕನ ಮಗಳು ಶ್ಯಾಮಲ ಇಬ್ಬರೂ ಬಂದರು. ವೆಂಕಟೇಶ ಪಕ್ಕದ ಫ್ಯಾಕ್ಟರಿಯಲ್ಲೇ ಫಿಟ್ಟರು. ಶ್ಯಾಮಲ ಬೇರಿಕೆಯಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಅವರಿಬ್ಬರಿಗೂ ಮದುವೆ ಎಂದು ಹಿರಿಯರು ಎಲೆ ಅಡಿಕೆ ಹಿಡಿದಾಗಿತ್ತು. ಅಂದು ಅಕ್ಕನ ಜೊತೆ ಹೊಸೂರಿಗೆ ಸೀರೆ ಕೊಳ್ಳಲು ಬಂದವರು, ನಾನು ಕೇಳಿದೆನೆಂದು ರಕ್ತ ಕೊಟ್ಟು ಹೋದರು. ಸೂಜಿ ಚುಚ್ಚುವಾಗ ಶ್ಯಾಮಲ ಕಣ್ಣು ಮುಚ್ಚಿಕೊಂಡು ವೆಂಕಟೇಶನ ಅಂಗಿಯ ಚುಂಗು ಹಿಡಿದಿದ್ದಳು. ಚಿಕ್ಕಂದಿನಿಂದ ಅವನನ್ನು ಮಾಮ ಎಂದು ಕರೆದವಳು, ಹಾಗೇ ಹಿಡಿದಿದ್ದಳು.

ಆ ಇಬ್ಬರ ಗೆರೆಯೂ ಇಳಿಯಿತು.

ಯಾರೂ ಕೆಡಿಸದ ರಕ್ತ. ಆದರೂ ಗುರುತು ಬಿದ್ದ ಪ್ರೋಟೀನಿನ ಒಂದು ಪಾಲು ಮೊದಲಲ್ಲೇ ಚೂರಾಗಿ ತಿಳಿಗೆ ಬಂದಿತ್ತು. ಡಾಕ್ಟರು ನನ್ನ ಕೈ ಕೆಟ್ಟಿದೆ ಎಂದರು. ಇನ್ನೊಮ್ಮೆ ಕರೆಸಿ ಮಾಡಿದೆ. ಮತ್ತೆ ಅದೇ. ಅಕ್ಕನ ಗೆರೆಯೂ ಹಾಗೇ ಬಂತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣಗಳು ಚಿಕ್ಕವು, ಬಿಳಿಚಿಕೊಂಡವು. ಇನ್ನೆರಡು ಪರೀಕ್ಷೆ ಮಾಡಿದ ಮೇಲೆ ಡಾಕ್ಟರ ಮುಖ ಅರಳಿತು. ನನಗೆ ಅದೇ ಇವತ್ತಿಗೂ ಕಣ್ಣ ಮುಂದೆ ಬರುವುದು, ಆ ಅರಳಿದ ಮುಖ.

ಅವರು ವಿವರಿಸಿದರು. ರಕ್ತ ಕೆಂಪಗಿರುವುದಕ್ಕೆ ಕಾರಣವಾದ ಪ್ರೋಟೀನಿನಲ್ಲಿ ಎರಡು ಜಾತಿಯ ಸರಪಳಿಗಳು ಜೋಡಿಯಾಗಿ ಕೂರಬೇಕು. ನಿಮ್ಮ ಮನೆಯವರಲ್ಲಿ ಒಂದು ಜಾತಿಯದು ಕಡಿಮೆ ತಯಾರಾಗುತ್ತದೆ. ಜೋಡಿ ಸಿಗದ ಇನ್ನೊಂದು ಜಾತಿಯದು ಒಂಟಿಯಾಗಿ ಉಳಿದು ಸೊಟ್ಟಗಾಗುತ್ತದೆ. ಆದರೆ ಇವರ ಕೋಶಗಳು ಅದನ್ನು ಕೂಡಲೇ ಕತ್ತರಿಸಿ ಚೊಕ್ಕಟ ಮಾಡಿಬಿಡುತ್ತವೆ. ಹಾಗಾಗಿ ಇವರಿಗೆ ರೋಗವೇ ಇಲ್ಲ, ದೋಷ ಇದೆ ಎಂದೂ ಗೊತ್ತಾಗುವುದಿಲ್ಲ. ಇಬ್ಬರೂ ಇಂಥವರೇ ಮದುವೆಯಾದರೆ ಹುಟ್ಟುವ ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಎರಡೂ ಕಡೆಯಿಂದ ದೋಷ ತೆಗೆದುಕೊಳ್ಳಬಹುದು. ಆ ಮಗುವಿನ ಕೋಶಗಳು ಎಷ್ಟು ಕತ್ತರಿಸಿದರೂ ಮುಗಿಯುವುದಿಲ್ಲ. ಬೇರೆಯವರ ರಕ್ತದ ಮೇಲೆ ಬದುಕಬೇಕು, ಬದುಕಿದಷ್ಟು ದಿನ.

ನೀವೇ ಬಂದು ನಮ್ಮ ಮನೆಯವರಿಗೆ ಇದನ್ನು ಹೇಳಿ ಸಾರ್, ನನ್ನ ಮಾತು ಅಲ್ಲಿ ನಡೆಯುವುದಿಲ್ಲ ಎಂದು ಬೇಡಿಕೊಂಡೆ. ಕಂಪನಿಯ ಜೀಪಿತ್ತು, ಬಾಗಲೂರೇನು ಕಾಶಿಯಲ್ಲ. ಅವರು ಕನ್ನಡಕ ಒರೆಸಿಕೊಂಡರು.

"ನಾವು ಅಳೆಯೋರು ಲಕ್ಷ್ಮೀದೇವಿ. ಜೋಯಿಸರಲ್ಲ," ಎಂದರು. "ಮದುವೆ ಮಾಡ್ಕೊಳ್ಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಮಗು ಏನಾದ್ರೂ ಆದ್ರೆ ಒಂದು ಮಾತು ತಿಳಿಸು."

ಭಾನುವಾರ ಊರಿಗೆ ಹೋದೆ. ಅವರೆಕಾಯಿಯ ಕಾಲ. ಅಮ್ಮ, ಅಕ್ಕ ಅಕ್ಕಯಮ್ಮ, ಮಾವ ಮುನಿಶಾಮಪ್ಪ ಅಂಗಳದಲ್ಲಿ ರಾಶಿ ಹಾಕಿಕೊಂಡು ಕೂತಿದ್ದರು. ಪುಸ್ತಕದ ಮಾತು ಅಮ್ಮನಿಗೆ ಹಿಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ ಅವಳ ಕೈಯ ಮೊರದಿಂದಲೇ ಶುರು ಮಾಡಿದೆ. ನಮ್ಮ ರಕ್ತದಲ್ಲಿ ಒಂದಿಷ್ಟು ಜೊಳ್ಳು ಹುಟ್ಟುತ್ತದಮ್ಮ, ನಿನ್ನಲ್ಲೂ ಇರಬೇಕು, ಅಕ್ಕನಲ್ಲೂ ವೆಂಕಟೇಶನಲ್ಲೂ ಶ್ಯಾಮಲಳಲ್ಲೂ ಇದೆ. ಒಳಗೇ ಯಾರೋ ಕೂತು ಕೇರಿದ ಹಾಗೆ ಅದನ್ನು ಕೇರಿ ಹಾಕುತ್ತಿದೆ. ಅದಕ್ಕೇ ನೀವೆಲ್ಲ ಗಟ್ಟಿಯಾಗಿದ್ದೀರಿ. ಇಬ್ಬರ ಜೊಳ್ಳೂ ಒಂದೇ ಮಗುವಿಗೆ ಬಿದ್ದರೆ ಒಂದು ಮೊರ ಸಾಲುವುದಿಲ್ಲ. ಹೀಗೆ, ನನಗೆ ಬಂದಷ್ಟು ಬಿಡಿಸಿ ಹೇಳಿದೆ. ಅಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. ಅರ್ಥವಾಯಿತು ಎಂದೇ ನಾನು ತಿಳಿದೆ.

"ಇಬ್ರದೂ ಒಂದೇ ತರ ಬಂತಾ?" ಎಂದಳು.

"ಒಂದೇ ತರ. ಅದೇ ಅಮ್ಮ ತೊಂದರೆ."

"ಒಂದ್ ಚೂರೂ ಯತ್ವಾಸ ಇಲ್ದಂಗೆ?"

ಇಲ್ಲ ಎಂದೆ. ಒಂದರ ಮೇಲೊಂದು ಇಟ್ಟ ಹಾಗೆ ಬಂದಿದ್ದವು, ನಾನು ಸುಳ್ಳು ಹೇಳುವುದು ಹೇಗೆ?

ಅಮ್ಮ ಅಕ್ಕನ ಕಡೆ ತಿರುಗಿದಳು. ಅವಳ ಮುಖವೂ ಡಾಕ್ಟರ ಮುಖದ ಹಾಗೇ ಅರಳಿತ್ತು. "ಕೇಳಿಸ್ಕಂಡೇನೆ ಅಕ್ಕಯ್ಯ. ಮಿಷಿನ್ನೂ ಅದನ್ನೇ ಹೇಳ್ತದಂತೆ. ರಕ್ತ ಕೂಡದೆ. ಜಾತ್ಕ ನೋಡಿಸ್ದೋರ್ಗೂ ಇಷ್ಟು ಕೂಡಕಿಲ್ಲ."

ನಾನು ಕಿರುಚಿದೆ. ಕೂಡಿದ್ದೇ ಕೇಡು ಎಂದು ಎಷ್ಟು ತರಹ ಹೇಳಬಹುದೋ ಅಷ್ಟು ತರಹ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಒಂದೇ ಬಾವಿಯ ನೀರು ಒಂದೇ ರುಚಿ ಇರದೆ ಇನ್ನೇನು, ಅಜ್ಜ ಅಜ್ಜಿ ಕಾಲದಿಂದ ಒಳಗೊಳಗೇ ಕೊಟ್ಟು ತಂದು ಮಾಡಿದ್ದೇವೆ, ಯಾರಿಗೆ ಏನಾಗಿದೆ ಎಂದು ಮಾವ ಕೇಳಿದ. ನಿನಗೆ ಆಗುವ ವಯಸ್ಸಿನಲ್ಲಿ ಆಗಲಿಲ್ಲ, ಅದಕ್ಕೆ ಆಗುವವರನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಅಕ್ಕ ಹೇಳಲಿಲ್ಲ, ಆದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡ ರೀತಿಯಲ್ಲಿ ಅದೇ ಇತ್ತು. ಮನೆಯಲ್ಲಿ ಹಿಂದೆ ಎಳೆಗೂಸುಗಳು ಬಿಳಿಚಿಕೊಂಡು ಸತ್ತದ್ದಿಲ್ಲವೇ ಎಂದು ಕೇಳಿದೆ. ಸತ್ತಿವೆ, ಯಾರ ಮನೆಯಲ್ಲಿ ಸಾಯುವುದಿಲ್ಲ ಎಂದರು.

ಕೊನೆಗೆ ಅಮ್ಮ ಕೇಳಿದಳು. "ನಿನ್ ರಕ್ತ ಹೆಂಗ್ ಬಂತು?"

ನನ್ನದು ಬೇರೆ ಬಂತು, ನನಗೆ ಆ ದೋಷ ಇಲ್ಲ ಎಂದೆ. ಅಪ್ಪನ ಕಡೆಯದು ಬಂದಿರಬೇಕು ಎಂದೂ ಸೇರಿಸಿದೆ. ಅಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಅದಕ್ಕೇ ಕಣೆ ನೀನ್ ಹಿಂಗೆ," ಎಂದಳು. "ಈ ಮನೇಲಿ ಕೂಡ್ದೆ ಹೋಗಿದ್ದು ನಿನ್ ರಕ್ತ ಒಂದೇಯ."

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಸಿಕ್ಕವರ ಹಾಗೆ ನೆಮ್ಮದಿಯಿಂದ ಹೇಳಿದಳು. ನನಗೆ ಅಳು ಬಂತು, ಅಳಲಿಲ್ಲ. ಇವರ ಮುಂದೆ ಅತ್ತರೆ ಅದನ್ನೂ ಯಾವುದೋ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಹಿರಿಯರನ್ನು ಬಿಟ್ಟು ಮದುವೆಯಾಗುವವರನ್ನೇ ಹಿಡಿದೆ. ವೆಂಕಟೇಶನನ್ನು ಫ್ಯಾಕ್ಟರಿಯ ಗೇಟಿನಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಅವನಿಗೆ ಪೂರಾ ಅರ್ಥವಾಯಿತು, ಅದೇ ನನಗೆ ತಡೆಯಲಾಗದ್ದು. ನಮ್ಮ ಲೈನಿನಲ್ಲಿ ನಾಲ್ಕಕ್ಕೆ ಒಂದು ರಿಜೆಕ್ಟ್ ಬಂದರೆ ಮಿಷನ್ನೇ ನಿಲ್ಲಿಸುತ್ತಾರೆ ಅಕ್ಕ ಎಂದ. ಹಾಗಾದರೆ ನಿಲ್ಲಿಸು ಎಂದೆ. ಲೋಟದ ತಳದ ಚಹಾ ನೋಡುತ್ತಾ ಕೂತ. "ಅಮ್ಮನ್ ಎದ್ರಿಗೆ ನಂಗೆ ಬಾಯೇ ಬರಾಕಿಲ್ಲ," ಎಂದ. ನನಗಿಂತ ಒಂದು ಗೇಣು ಎತ್ತರದ ಗಂಡಸು.

ಶ್ಯಾಮಲಳಿಗೂ ಹೇಳಿದೆ. ಹೊಲಿಗೆ ಮಿಷನ್ನಿನ ಮುಂದೆ ಕೂತು ತನ್ನ ಮದುವೆಯ ರವಿಕೆಗೆ ತಾನೇ ಕಾಜ ಹೊಲಿಯುತ್ತಿದ್ದಳು. ಎಲ್ಲ ಕೇಳಿ, ದಾರ ಹಲ್ಲಿನಲ್ಲಿ ಕಡಿದಳು. "ನನ್ನನ್ ಯಾರು ಕೇಳ್ತಾರೆ ಚಿಕ್ಕಮ್ಮ," ಎಂದಳು. ಅಷ್ಟೇ.

ಮದುವೆ ಆಯಿತು. ಚಪ್ಪರದಲ್ಲಿ ಅಮ್ಮ ಬಂದವರಿಗೆಲ್ಲ, ಕನ್ನಡದವರಿಗೆ ಕನ್ನಡದಲ್ಲಿ, ತೆಲುಗರಿಗೆ ತೆಲುಗಿನಲ್ಲಿ, ಹೊಸೂರಿನಿಂದ ಬಂದ ಫ್ಯಾಕ್ಟರಿಯವರಿಗೆ ತನಗೆ ಬಂದಷ್ಟು ತಮಿಳಿನಲ್ಲಿ, ನನ್ನ ಮಗಳು ಇವರ ರಕ್ತ ಮಿಷನ್ನಿನಲ್ಲಿ ಹಾಕಿ ನೋಡಿದ್ದಾಳೆ, ಕೂಡಿದೆ ಎಂದು ಹೇಳಿದಳು. ನಾನು ಮಾಡಿದ ಕೆಲಸವನ್ನು ಅವಳು ಹೊಗಳಿದ್ದು ಅದೊಂದೇ ಸಲ. ಹೆಣ್ಣಿನ ಕಡೆಯವರೂ ನಾವೇ, ಗಂಡಿನ ಕಡೆಯವರೂ ನಾವೇ, ಮುನಿಸಿಕೊಳ್ಳುವುದಕ್ಕೆ ನನ್ನ ಹೊರತು ಬೇರೆ ಯಾರೂ ಇರಲಿಲ್ಲ.

ಮೊದಲನೆಯದು ಗಂಡು ಮಗು. ಕಲ್ಲುಗುಂಡಿನ ಹಾಗಿತ್ತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅಮ್ಮ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಸ್ಸಿಳಿದು, ನಮ್ಮ ಗೇಟಿನವರೆಗೂ ನಡೆದು ಬಂದಳು. ದಾಸಪ್ಪನಿಗೂ ಗುಮಾಸ್ತರಿಗೂ ಕೊಬ್ಬರಿ ಸಕ್ಕರೆ ಹಂಚಿದಳು. ಇದನ್ನೂ ಅಳೆದು ನೋಡು ಎಂದು ಮಗುವನ್ನು ನನ್ನ ಕೈಗೆ ಹಾಕಿದಳು. ನನಗೆ ಆ ಮಗುವನ್ನು ಕಂಡು ಸಂತೋಷವೇ ಆಯಿತು. ನಾಲ್ಕಕ್ಕೆ ಒಂದು ಎಂದರೆ ಮೂರು ಸಲ ತಪ್ಪಿಸಿಕೊಳ್ಳಬಹುದು ಎಂದು ಹೇಳುವುದಕ್ಕೆ ಹೋಗಲಿಲ್ಲ. ಆ ದಿನ ನನ್ನ ಸೋಲು ನನಗೂ ಬೇಕಾಗಿತ್ತು.

ಎರಡನೆಯದು ಹೆಣ್ಣು. ಹುಟ್ಟಿದಾಗ ಚೆನ್ನಾಗಿಯೇ ಇತ್ತು. ಮಗುಚಿಕೊಳ್ಳುವ ವಯಸ್ಸಿನಲ್ಲಿ ಬಿಳಿಚಿಕೊಳ್ಳತೊಡಗಿತು. ಹೊಟ್ಟೆ ಉಬ್ಬಿತು, ಹಾಲು ಬಿಟ್ಟಿತು, ಅಳುವುದಕ್ಕೂ ಶಕ್ತಿ ಇಲ್ಲದೆ ಕಣ್ಣಷ್ಟೇ ಬಿಟ್ಟು ನೋಡುತ್ತಿತ್ತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು, ಬೇರಿಕೆಯ ಸಂತೆಯಲ್ಲಿ ಬೇರು ಮಾರುವವನಿಂದ ಬೇರು ತಂದು ತೇಯ್ದು ನೆಕ್ಕಿಸಿದರು. ನನಗೆ ಯಾರೂ ಹೇಳಿ ಕಳಿಸಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಶ್ಯಾಮಲ ಯಾರನ್ನೂ ಕೇಳದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಮಗುವಿನ ತುಟಿ ಅಂಗೈಯ ಬಣ್ಣಕ್ಕಿತ್ತು. ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮಾತು ನಿಜವಾಯಿತು ಎಂದು ಒಂದು ಗಳಿಗೆಯೂ ಸಮಾಧಾನ ಆಗಲಿಲ್ಲ. ಇಂಥ ನಿಜ ಯಾರಿಗೆ ಬೇಕು?

ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಡಾಕ್ಟರ್ ರಾಮಕೃಷ್ಣಪ್ಪ ತಾವೇ ಜೀಪು ಕೊಟ್ಟರು. ಬಾಗಲೂರಿಗೆ ಬಾರದ ಜೀಪು ಈಗ ಬೆಂಗಳೂರಿಗೆ ಹೊರಟಿತು. ಒಂದೇ ಷರತ್ತು. ಹೊರಗಿನ ರಕ್ತ ಕೊಟ್ಟ ಮೇಲೆ ಮಗುವಿನ ಸ್ವಂತ ಕಣಗಳು ಬೆರೆತುಹೋಗುತ್ತವೆ, ಅದಕ್ಕೆ ಮೊದಲು ಸ್ವಲ್ಪ ತೆಗೆದು ಕೊಡು ಎಂದರು. ಆ ಮೈಯಲ್ಲಿ ಸ್ವಲ್ಪ ಎನ್ನುವುದೇ ಎಷ್ಟಿತ್ತು? ಆದರೆ ಜೀಪು ಅವರದು. ಆಸ್ಪತ್ರೆಯ ಪರೀಕ್ಷೆಗೆಂದು ಹೇಗೂ ಚುಚ್ಚಬೇಕಿತ್ತು, ಅದರಲ್ಲೇ ಉಳಿದಷ್ಟನ್ನು ಎತ್ತಿಟ್ಟುಕೊಂಡೆ. ಮರಳಿ ಬಂದ ಮೇಲೆ ನಾನೇ ಅಳೆದೆ, ಬೇರೆಯವರ ಕೈಗೆ ಬಿಡಲು ಮನಸ್ಸಾಗಲಿಲ್ಲ.

ಗೆರೆ ಧಡಕ್ಕನೆ ಇಳಿಯಿತು, ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಆ ಪುಟ್ಟ ಕೋಶಗಳು ತಮ್ಮ ಕೈಲಾದಷ್ಟನ್ನು ಕತ್ತರಿಸಿದ್ದವು, ಅಪ್ಪ ಅಮ್ಮನ ಕೋಶಗಳಿಗಿಂತ ಹೆಚ್ಚೇ ಕತ್ತರಿಸಿದ್ದವು. ಆದರೂ ತಳದಲ್ಲಿ ಸೊಟ್ಟಗಾದದ್ದು ರಾಶಿ ಬಿದ್ದಿತ್ತು. ಯಂತ್ರದ ಮುಂದೆ ಕೂತು ನಾನು ಅತ್ತದ್ದು ಆಗ. ಡಾಕ್ಟರು ಮೂರು ಗೆರೆಗಳನ್ನೂ ಒಂದೇ ಚಿತ್ರದಲ್ಲಿ ಎಳೆಸಿದರು, ಅಪ್ಪನದು, ಅಮ್ಮನದು, ಮಗುವಿನದು. ಅದು ವಿಜ್ಞಾನದ ಪತ್ರಿಕೆಯೊಂದರಲ್ಲಿ ಅಚ್ಚಾಗಿಯೂ ಬಂತು. ಸಹಕರಿಸಿದ ಕುಟುಂಬಕ್ಕೆ ಕೃತಜ್ಞತೆ ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಆ ಸಾಲನ್ನು ನಾನು ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಆಸ್ಪತ್ರೆಯ ದಿನದ ಮಾತು ಹೇಳಿ ಮುಗಿಸುತ್ತೇನೆ. ವಿಷಯ ತಿಳಿದು ಅಮ್ಮನೂ ಅಕ್ಕನೂ ವೆಂಕಟೇಶನೂ ಬಸ್ಸು ಹಿಡಿದು ಬಂದಿದ್ದರು. ರಕ್ತ ಕೊಡುವವರು ಯಾರು ಎಂದು ದಾದಿ ಕೇಳಿದಳು. ವೆಂಕಟೇಶ ಅಂಗಿಯ ತೋಳು ಮಡಚಿ ಮುಂದೆ ಬಂದ. ಅವನ ರಕ್ತವೇ ತೆಳು, ಬೇಡ ಎಂದರು. ಶ್ಯಾಮಲಳದೂ ಬೇಡ, ಅಕ್ಕನದೂ ಬೇಡ, ಅಮ್ಮನದೂ ಬೇಡ. ಮುನಿಶಾಮಪ್ಪನಿಗೆ ಹೇಳಿ ಕಳಿಸಿದ್ದಕ್ಕೆ, ಕೃಷ್ಣಗಿರಿಯ ಕೋರ್ಟಿನಲ್ಲಿ ಅವತ್ತೇ ವಾಯಿದೆ ಇದೆ ಎಂದಿದ್ದನಂತೆ. ಅಷ್ಟು ಕೂಡಿದ ರಕ್ತದ ಮನೆಯಲ್ಲಿ ಒಂದು ಬಾಟಲಿಗೆ ಆಗುವ ರಕ್ತ ಯಾರಲ್ಲೂ ಇರಲಿಲ್ಲ. ನನ್ನ ಗುಂಪು ಮಗುವಿನ ಗುಂಪಿಗೆ ಹೊಂದಿತು. ನಾನು ಮಂಚದ ಮೇಲೆ ಮಲಗಿ ಕೈ ಚಾಚಿದೆ.

ನನ್ನ ರಕ್ತ ಮಗುವಿನ ಮೈಗೆ ಹನಿ ಹನಿಯಾಗಿ ಇಳಿಯುತ್ತಾ ಹೋಯಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಿವಿಯ ತುದಿ ಕೆಂಪಾಯಿತು, ಆಮೇಲೆ ತುಟಿ. ಎಷ್ಟೋ ವಾರದ ಮೇಲೆ ಗಂಟಲು ಬಿಟ್ಟು ಅತ್ತಿತು. ಶ್ಯಾಮಲ ಗೋಡೆಯ ಕಡೆ ಮುಖ ಮಾಡಿ ನಿಂತಳು. ಅಮ್ಮ ಮಗುವಿನ ಕೆನ್ನೆ ಸವರಿ, ನನ್ನನ್ನೊಮ್ಮೆ ನೋಡಿ, ಅಕ್ಕನಿಗೆ ಹೇಳಿದಳು.

"ಕಂಡ್ಯೇನೆ. ಎಷ್ಟಾದ್ರೂ ಮನೆ ರಕ್ತ. ಹೆಂಗ್ ಕೂಡ್ಕಂಬುಡ್ತು ನೋಡು."

ನನ್ನ ಮೈ ಉರಿಯಿತು. ಇದು ಕೂಡಿದ್ದಲ್ಲ ಅಮ್ಮ, ನನ್ನ ಕಣಗಳು ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ, ಮುಂದಿನ ತಿಂಗಳು ಮತ್ತೆ ಬೇಕು, ಅದರ ಮುಂದಿನ ತಿಂಗಳೂ ಬೇಕು ಎಂದೆ. ನಾನೊಬ್ಬಳೇ ಕೊಟ್ಟು ಪೂರೈಸುವುದಲ್ಲ, ನಾನು ಬರದೇ ಹೋದರೆ ಏನು ಮಾಡುತ್ತೀರಿ ಎಂದೂ ಕೇಳಿದೆ.

ಅಮ್ಮ ಮಗುವಿನ ಮೇಲೆ ಹೊದಿಕೆ ಎಳೆದಳು. ತಲೆ ಎತ್ತಿ ನೋಡಲೂ ಇಲ್ಲ.

"ಬತ್ತೀಯ ಬಿಡು. ಎಲ್ಲೋಯ್ತೀಯ."

ಮುಂದಿನ ತಿಂಗಳು ಹೋದೆ.